ಮರಳುಗಾಡಿನ ಬಚ್ಚಲು

ಹೊರಟದ್ದು

ನಾನು ಲಕ್ಕಮ್ಮ, ಗುಬ್ಬಿಯವಳು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದೇನೆ. ಹೊರದೇಶಕ್ಕೆ ಹೋಗಿ ಬಂದವರು ಅಲ್ಲಿನ ಅರಮನೆ, ಸೇತುವೆ, ಹಿಮ ಅಂತೆಲ್ಲ ಬರೆಯುತ್ತಾರೆ. ನಾನು ನೋಡಿದ್ದು ಮುಖ್ಯವಾಗಿ ಒಂದು ಬಚ್ಚಲಮನೆ. ಅದನ್ನೇ ಬರೆಯುತ್ತೇನೆ. ಬೇಡದವರು ಪುಟ ಮಗುಚಿಕೊಳ್ಳಲಿ.

ಎಂಬತ್ತರ ದಶಕ ಆಗ ತಾನೇ ಶುರುವಾಗಿತ್ತು. ನಮ್ಮ ಬೀದಿಗೆ ಟೀವಿ ಬಂದಿರಲಿಲ್ಲ. ಎರಡನೇ ಮಗಳು ಸುಶೀಲ ಗಂಡನ ಜೊತೆ ಕೊಲ್ಲಿ ಕಡೆಯ ಒಂದು ದೇಶದಲ್ಲಿದ್ದಳು. ದೇಶದ ಹೆಸರು ಬರೆಯಬೇಡಿ ಅಂತ ಅಳಿಯಂದಿರು ಹೇಳಿದ್ದಾರೆ, ಬರೆಯುವುದಿಲ್ಲ. ಅಳಿಯಂದಿರು ಕುಣಿಗಲ್ಲಿನವರು, ಇಂಜಿನಿಯರು. ಸುಶೀಲ ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಬರಬೇಕಾದವಳು. ಆದರೆ ಅವಳಿಗೆ ರಕ್ತದ ಒತ್ತಡ ಇದೆ, ವಿಮಾನ ಹತ್ತಕೂಡದು ಅಂತ ಡಾಕ್ಟರು ಹೇಳಿಬಿಟ್ಟರು. ಮಗಳು ತವರಿಗೆ ಬರಲಾರದಿದ್ದರೆ ತವರೇ ಎದ್ದು ಹೋಗಬೇಕು. ಹೋದೆ.

ಪಾಸ್‌ಪೋರ್ಟಿಗೆ ಫೋಟೋ ತೆಗೆಸಲು ತುಮಕೂರಿಗೆ ಹೋದಾಗ ಸ್ಟುಡಿಯೋದವನು, "ಸ್ವಲ್ಪ ನಗಿ ಅಮ್ಮಾ" ಅಂದ. "ಯಾಕೆ ನಗಲಿ? ಬಾಣಂತನಕ್ಕೆ ಹೋಗ್ತಿರೋಳು, ನಾಟಕಕ್ಕಲ್ಲ" ಅಂದೆ. ಆ ಫೋಟೋದಲ್ಲಿ ನಾನು ಯಾರನ್ನೋ ಬೈಯುತ್ತಿರುವ ಹಾಗೆ ಇದ್ದೇನೆ. ಆಮೇಲೆ ಅದನ್ನು ನೋಡಿದ ಪ್ರತಿಯೊಬ್ಬ ಅಧಿಕಾರಿಯೂ ಮೊಹರು ಬೇಗನೆ ಒತ್ತಿ ಕಳಿಸಿದ. ಅಷ್ಟರ ಮಟ್ಟಿಗೆ ಒಳ್ಳೆಯದೇ ಆಯಿತು.

ಗಂಟಿನಲ್ಲಿ ರಾಗಿಹಿಟ್ಟು, ಕೊಬ್ಬರಿ, ಹರಳೆಣ್ಣೆ, ಒಣಶುಂಠಿ, ಬಜೆ, ಸಾಂಬ್ರಾಣಿ ಮತ್ತು ನಮ್ಮತ್ತೆಯ ಕಾಲದ ತಾಮ್ರದ ಚೊಂಬು ಇದ್ದವು. ಬಾಣಂತಿಗೆ ನೀರು ಹಾಕುವುದು ಆ ಚೊಂಬಿನಲ್ಲೇ. ಅದರ ಬಾಯಿ ಅಗಲ. ನೀರು ದಾರವಾಗಿ ಇಳಿಯುವುದಿಲ್ಲ, ಚಪ್ಪಡಿಯಾಗಿ ಬೀಳುತ್ತದೆ.

ವಿಮಾನ ಇಳಿದ ಮೇಲೆ

ಬೊಂಬಾಯಿಯಿಂದ ಅಲ್ಲಿಗೆ ಹೋಗುವ ವಿಮಾನದ ವಿಷಯ ಹೆಚ್ಚಿಲ್ಲ. ಪಕ್ಕದವನು ನನ್ನ ಭುಜದ ಮೇಲೆ ನಿದ್ದೆ ಮಾಡಿದ. ಎರಡು ಸಲ ತಳ್ಳಿದೆ, ಮೂರನೇ ಸಲ ಬಿಟ್ಟೆ.

ಇಳಿದ ಮೇಲೆ ಉದ್ದನೆಯ ಬಿಳಿ ಅಂಗಿಯ ಅಧಿಕಾರಿ ನನ್ನ ಗಂಟು ಬಿಚ್ಚಿಸಿದ. ರಾಗಿಹಿಟ್ಟಿನಲ್ಲಿ ಬೆರಳಾಡಿಸಿದ. ಹರಳೆಣ್ಣೆ ಮೂಸಿ ಮುಖ ಕಿವುಚಿದ. ಸಾಂಬ್ರಾಣಿಯ ಗಟ್ಟಿ ಕಂಡದ್ದೇ ಇನ್ನಿಬ್ಬರನ್ನು ಕರೆದ. ಮೂವರೂ ಉಗುರಿನಲ್ಲಿ ಕೆರೆದು ನೋಡಿದರು. ಇನ್ನೇನು ಜೈಲು ಅಂದುಕೊಂಡೆ. ಅವನು ಮೇಜಿನ ಕೆಳಗಿಂದ ಒಂದು ಪುಟ್ಟ ಧೂಪಾರತಿಯಂಥದ್ದನ್ನು ತೆಗೆದು, ಕೆಂಡದ ಮೇಲೆ ಒಂದು ಚೂರು ಹಾಕಿ, ಹೊಗೆಯನ್ನು ಎರಡು ಕೈಯಲ್ಲೂ ಬಾಚಿ ಗಡ್ಡಕ್ಕೆ ತಗುಲಿಸಿಕೊಂಡ. ಮಿಕ್ಕವರೂ ಹಾಗೇ ಮಾಡಿದರು. ಅವರ ಮನೆಗಳಲ್ಲೂ ದಿನಾ ಸಾಂಬ್ರಾಣಿಯ ಹೊಗೆ ಹಾಕುತ್ತಾರಂತೆ. ಒಂದು ಗಟ್ಟಿ ಅವನೇ ಇಟ್ಟುಕೊಂಡು ಮಿಕ್ಕದ್ದನ್ನು ನೋಡದೆ ಬಿಟ್ಟ. ತೆಗೆದುಕೊಂಡದ್ದಕ್ಕೆ ಕೈಮುಗಿದದ್ದೂ ಅವನೇ.

ಅಳಿಯಂದಿರು ಜೀಪು ತಂದಿದ್ದರು. ದಾರಿಯುದ್ದಕ್ಕೂ ಒಂದು ಕಡೆ ಮರಳು, ಇನ್ನೊಂದು ಕಡೆ ಸಮುದ್ರ. ನಮ್ಮ ಕುಣಿಗಲ್ ದೊಡ್ಡಕೆರೆ ಥೇಟ್ ಸಮುದ್ರವೇ ಅಂತ ಬೀಗರು ಮದುವೆಯಲ್ಲಿ ಹೇಳಿಕೊಂಡಿದ್ದರು. ಅವರೂ ಸಮುದ್ರ ನೋಡಿದವರಲ್ಲ. ಹೋಗಲಿ ಬಿಡಿ.

ಅಲ್ಲಿ ಸಮುದ್ರದ ನೀರಿನಿಂದ ಉಪ್ಪು ತೆಗೆದು ಕುಡಿಯುವ ನೀರು ಮಾಡುವ ಕಾರ್ಖಾನೆ ಕಟ್ಟುತ್ತಿದ್ದರು. ಜೊತೆಗೆ ಕರೆಂಟೂ ಅಲ್ಲೇ ತಯಾರಾಗಬೇಕು. ನಮ್ಮ ತುಮಕೂರಿನಲ್ಲಿ ಕ್ಯಾತ್ಸಂದ್ರದಿಂದ ಶಿರಾ ಗೇಟಿನವರೆಗೆ ಎಷ್ಟು ದೂರವೋ ಅಷ್ಟು ಉದ್ದಕ್ಕೂ ಬರೀ ಕಬ್ಬಿಣ, ಸಿಮೆಂಟು, ಕೊಳವೆ. ಕಾರ್ಖಾನೆಯ ಪಕ್ಕದಲ್ಲಿ ಕೆಲಸದವರ ಮನೆಗಳ ಸಾಲು. ಎಲ್ಲ ಒಂದೇ ಅಚ್ಚಿನವು.

ಮನೆ

ಬಂದವಳೇ ಕಾಲು ತೊಳೆಯೋಣ ಅಂತ ಬಚ್ಚಲ ಬಾಗಿಲು ತೆಗೆದೆ. ಎದುರಿಗೆ ಒಂದು ತಗಡಿನ ಆನೆ ಅಡ್ಡ ಮಲಗಿತ್ತು.

ಆನೆಯಲ್ಲ, ತಣ್ಣನೆ ಗಾಳಿ ಹೋಗುವ ಕೊಳವೆ. ಚೌಕಾಕಾರದ್ದು, ಬೆಳ್ಳಗೆ ಹೊಳೆಯುತ್ತಿತ್ತು. ಈ ಗೋಡೆಯಲ್ಲಿ ಹುಟ್ಟಿ ಆ ಗೋಡೆಯಲ್ಲಿ ಹೋಗುತ್ತದೆ, ನನ್ನ ಸೊಂಟದ ಎತ್ತರಕ್ಕೆ. ಈಚೆ ಒಬ್ಬರು ನಿಲ್ಲುವಷ್ಟು ಜಾಗ. ನಲ್ಲಿ, ನೀರು ಹೋಗುವ ಕಿಂಡಿ ಎಲ್ಲ ಆಚೆ. ಸ್ನಾನ ಮಾಡುವವರು ಮೊಣಕಾಲೂರಿ ಅದರ ಕೆಳಗೆ ನುಸುಳಬೇಕು.

"ಇದೇನೇ ಇದು?" ಅಂದೆ ಮಗಳನ್ನು.

"ಡಕ್ಟು ಕಣಮ್ಮ."

"ಅದು ಯಾಕೆ ಇಲ್ಲೈತೆ?"

"ಎಲ್ರ ಮನೇಲೂ ಹಿಂಗೇ. ಅಭ್ಯಾಸ ಆಗೋಗುತ್ತೆ."

ತುಂಬು ಬಸುರಿ ಅದು. ಮಣೆಯ ಮೇಲೆ ಕೂತು, ಬಾತುಕೋಳಿಯ ಹಾಗೆ ಒಂದೊಂದೇ ಕಾಲು ಜರುಗಿಸಿಕೊಂಡು ಆಚೆಗೆ ಹೋಗುತ್ತಿದ್ದಳಂತೆ. ಅಭ್ಯಾಸವಂತೆ.

ಅಕ್ಕಪಕ್ಕದ ಮನೆಗಳಿಗೆ ಹೋಗಿ ನೋಡಿದೆ. ನಿಜವೇ. ಪಂಜಾಬಿನವಳು ಅದರ ಮೇಲೆ ಸೀರೆ ಒಣಹಾಕಿದ್ದಳು. ಕೇರಳದವಳು ಡಬ್ಬಗಳಲ್ಲಿ ಕೊತ್ತಂಬರಿ ಬೆಳೆದಿದ್ದಳು, ತಂಪಿಗೆ ಚೆನ್ನಾಗಿ ಬರುತ್ತದಂತೆ. ಇನ್ನೊಂದು ಮನೆಯಲ್ಲಿ ಮಕ್ಕಳು ಅದರ ಮೇಲೆ ಕುದುರೆ ಸವಾರಿ ಮಾಡುತ್ತಿದ್ದರು. ಯಾರಿಗೂ ಅದು ತಪ್ಪು ಅಂತ ಅನಿಸುವ ಕಾಲ ಕಳೆದುಹೋಗಿತ್ತು. ಬಚ್ಚಲು ಅಂದರೆ ತೆವಳುವುದು ಅಂತಲೇ ತಿಳಿದಿದ್ದರು.

ಅಳಿಯಂದಿರ ಕೆಲಸ

ಅಳಿಯಂದಿರ ಕೆಲಸ ಏನು ಅಂತ ಮದುವೆಯಾದಾಗಿನಿಂದ ನನಗೆ ತಿಳಿದಿರಲಿಲ್ಲ. ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ.

"ಗೋಡೆಯವರು ಒಂದು ನಕ್ಷೆ ಬರೀತಾರೆ ಅತ್ತೆ. ಪೈಪಿನವರು ಒಂದು, ಕರೆಂಟಿನವರು ಒಂದು, ಗಾಳಿಯವರು ಒಂದು. ನಾಲ್ಕೂ ತೆಳು ಕಾಗದ. ಒಂದರ ಮೇಲೊಂದಿಟ್ಟು ದೀಪದ ಮೇಲೆ ಹಿಡಿದು, ಯಾರದ್ದು ಯಾರದ್ದಕ್ಕೆ ಡಿಕ್ಕಿ ಹೊಡೀತಿದೆ ಅಂತ ನೋಡೋದು ನಾನು."

"ಅಂದ್ರೆ ಶಿರಾ ಗೇಟಿನ ಟ್ರಾಫಿಕ್ ಪೊಲೀಸು."

"ಅಮ್ಮಾ!" ಅಂದಳು ಸುಶೀಲ.

"ಹೆಚ್ಚೂ ಕಮ್ಮಿ ಅದೇ" ಅಂದರು ಅಳಿಯಂದಿರು. ಸಾಧು ಮನುಷ್ಯ. "ಆದ್ರೆ ನನ್ನ ಕೈಲಿ ಸೀಟಿ ಇಲ್ಲ ಅತ್ತೆ."

"ನಿಮ್ಮ ಬಚ್ಚಲದ್ದು ನೋಡ್ಲಿಲ್ವಾ?"

"ನೋಡ್ದೆ. ಎಲ್ಲರಿಗಿಂತ ಮುಂಚೆ ನೋಡಿದ್ದು ನಾನೇ."

ಕಥೆ ಹೀಗಿತ್ತು. ಸೂರಿನ ಕೆಳಗಿನ ಜಾಗ ತನ್ನದೇ ಅಂತ ನಾಲ್ವರೂ ತಂತಮ್ಮ ದೇಶದಲ್ಲಿ ಕೂತು ಅಂದುಕೊಂಡಿದ್ದರು. ಗೋಡೆಯವನು ಮೊದಲು ಬಂದು ದಪ್ಪ ತೊಲೆ ಹಾಕಿದ. ಅದರ ಕೆಳಗೆ ಪೈಪಿನವನು ಪೈಪು ಎಳೆದ. ಪೈಪಿನ ಕೆಳಗೆ ಕರೆಂಟಿನವನು ತಂತಿಗಳನ್ನು ಮಲಗಿಸುವ ಉದ್ದನೆಯ ತಗಡಿನ ತಟ್ಟೆ ತೂಗುಹಾಕಿದ. ಕೊನೆಗೆ ಬಂದವನು ಗಾಳಿಯವನು. ಅವನಿಗೆ ಉಳಿದದ್ದು ಸೊಂಟದ ಎತ್ತರ. ಹಾಕಿ ಹೋದ.

"ಸರಿ, ಯಾರಾದ್ರೂ ಒಬ್ರು ಸರಿಸ್ಲಿ" ಅಂದೆ.

"ಅಲ್ಲೇ ಇರೋದು ಅತ್ತೆ. ಮೊದಲು ಯಾರು ಸರಿಸ್ತಾರೋ ಅವರು ತಪ್ಪು ಒಪ್ಪಿಕೊಂಡ ಹಾಗೆ. ಸರಿಸೋ ಖರ್ಚು, ಅದರಿಂದ ಬೇರೆಯವರಿಗೆ ಆಗೋ ಖರ್ಚು, ಎಲ್ಲಾ ಅವರ ತಲೆಗೇ. ಅದಕ್ಕೇ ಯಾರೂ ಮುಟ್ಟಲ್ಲ."

ಇದು ನನಗೆ ಹೊಸದೇನಲ್ಲ. ನಮ್ಮ ಹಿತ್ತಲಿಗೂ ಪಕ್ಕದವರ ಹಿತ್ತಲಿಗೂ ನಡುವೆ ಒಂದು ತೆಂಗಿನ ಮರವಿದೆ. ಕಾಯಿ ಬಿದ್ದರೆ ಇಬ್ಬರೂ ಓಡುತ್ತೇವೆ. ಗರಿ ಅವರ ಹೆಂಚಿನ ಮೇಲೆ ಬಿದ್ದರೆ ನಾವು ನೋಡಿರುವುದಿಲ್ಲ, ನಮ್ಮ ಹೆಂಚಿನ ಮೇಲೆ ಬಿದ್ದರೆ ಅವರು ನೋಡಿರುವುದಿಲ್ಲ. ಆದರೆ ನಾವು ಅದಕ್ಕೆ ಸಂಬಳ ಇಸಕೊಳ್ಳುವುದಿಲ್ಲ, ಅಷ್ಟೇ.

"ನಿಮ್ಮ ಮನೇದನ್ನಾದ್ರೂ ನೀವು ಗಟ್ಟಿಯಾಗಿ ಹೇಳಿ" ಅಂದೆ.

"ನನ್ನ ಮನೆ ಅಂತಾನೇ ಹೇಳೋಕಾಗಲ್ಲ. ಪಕ್ಷಪಾತ ಅಂತಾರೆ" ಅಂದು ಅಳಿಯಂದಿರು ಕೈತೊಳೆಯಲು ಹೋದರು. ಬಚ್ಚಲಿಗಲ್ಲ, ಅಡುಗೆಮನೆಗೆ.

ಹೆರಿಗೆ, ಮತ್ತು ಅಡುಗೆಮನೆಯಲ್ಲಿ ಆದದ್ದು

ಪಟ್ಟಣದ ಆಸ್ಪತ್ರೆಯಲ್ಲಿ ಸುಶೀಲ ಗಂಡುಮಗು ಹೆತ್ತಳು. ಕಷ್ಟದ ಹೆರಿಗೆ, ಹೊಲಿಗೆ ಹಾಕಿದ್ದರು. ಬಗ್ಗಬಾರದು, ಕುಕ್ಕರಗಾಲಲ್ಲಿ ಕೂರಬಾರದು, ಮೆಟ್ಟಿಲು ಹತ್ತಬಾರದು ಅಂತ ಹೇಳಿ ಕಳಿಸಿದರು.

ಹೊಲಿಗೆ ಒದ್ದೆ ಮಾಡಬಹುದು ಅಂತಲೂ ಅವರೇ ಹೇಳಿದ್ದರು. ನಮ್ಮ ಕಡೆ ಬಾಣಂತಿಗೆ ಮೈಗೆಲ್ಲ ಹರಳೆಣ್ಣೆ ತಿಕ್ಕಿ, ಸುಡುಸುಡು ನೀರನ್ನು ಎತ್ತರದಿಂದ ಸೊಂಟದ ಮೇಲೆ ಹುಯ್ದು, ಸಾಂಬ್ರಾಣಿ ಹೊಗೆ ಹಾಕಿ ಮಲಗಿಸುತ್ತಾರೆ. ಹಾಗೆ ಮಾಡದಿದ್ದರೆ ಸೊಂಟ ಹಿಡಿದು ಹೆಂಗಸು ಮುಂದೆ ಕೊಡ ಎತ್ತುವುದಿಲ್ಲ. ಡಾಕ್ಟರು ಇದನ್ನು ಒಪ್ಪುತ್ತಾರೋ ಬಿಡುತ್ತಾರೋ ನನಗೆ ಬೇಕಿಲ್ಲ. ನಾನು ಸಮುದ್ರ ದಾಟಿದ್ದು ಅದೊಂದು ಕೆಲಸಕ್ಕೆ. ಈಗ ಮಗಳು ತಗಡಿನ ಈಚೆ, ನೀರು ತಗಡಿನ ಆಚೆ. ಅಂಗಳದಲ್ಲಿ ಹಾಕೋಣ ಅಂದರೆ ಮರಳುಗಾಳಿ, ಸುತ್ತ ಗಂಡಸರು. ದಿನಾ ಬಟ್ಟೆ ಅದ್ದಿ ಮೈ ಒರೆಸುತ್ತಿದ್ದೆ. ಅವಳು ಸೊಂಟ ಹಿಡಿದುಕೊಂಡು, "ಅಮ್ಮಾ, ಒಂದ್ಸಲ ನೀರು ಹಾಕಿಬಿಡೇ" ಅಂತ ಅಳುವಳು.

ಒಂದು ಮಧ್ಯಾಹ್ನ ತಡೆಯಲಾಗದೆ ಅಡುಗೆಮನೆಯಲ್ಲೇ ಮಣೆ ಹಾಕಿ ಕೂರಿಸಿದೆ. ಎಣ್ಣೆ ಹಚ್ಚಿ, ಮೊದಲನೇ ಚೊಂಬು ಹುಯ್ದೆ ಅಷ್ಟೇ. ಅಡುಗೆಮನೆಯ ನೆಲ ಎತ್ತ ಇಳಿಜಾರು ಅಂತ ನಮಗೆ ಆಗಲೇ ಗೊತ್ತಾದದ್ದು. ನೀರು ನೇರ ನಡುಮನೆಗೆ ಹೋಗಿ ಗೋಡೆಯ ಬುಡದ ಕರೆಂಟಿನ ಪೆಟ್ಟಿಗೆಗೆ ನುಗ್ಗಿತು. ಚಟ್ ಅಂತ ಶಬ್ದ. ನಮ್ಮ ಸಾಲಿನ ಮನೆಗಳೆಲ್ಲ ಕತ್ತಲೆಯಾದವು. ಅವಳಿಗೆ ಸೀರೆ ಸುತ್ತಿ ಕೋಣೆಗೆ ಕಳಿಸುವಷ್ಟರಲ್ಲಿ ಒಬ್ಬ ಮೀಸೆಯವನು ಓಡಿಬಂದ.

"ಯಾರ್ರೀ ಅದು ನೀರು ಚೆಲ್ಲಿದ್ದು?" ಅಂದ, ಅಚ್ಚ ಕನ್ನಡದಲ್ಲಿ.

"ನಾನಪ್ಪ. ನೀನ್ಯಾರು?"

"ರಹಮತ್ ಅಮ್ಮಾ. ಕರೆಂಟಿನ ಕಡೆಯೋನು. ನಮ್ದು ತುಮಕೂರು, ಶಿರಾ ಗೇಟು. ನಮ್ಮಪ್ಪಂದು ಲಾರಿ ಬಾಡಿ ಕಟ್ಟೋ ಶೆಡ್ಡು ಐತಲ್ಲ, ಪೆಟ್ರೋಲ್ ಬಂಕಿನ ಪಕ್ಕ."

"ಅಲ್ಲಪ್ಪ ರಹಮತ್, ನೀರು ಹೋಗೋ ದಾರೀಲಿ ಕರೆಂಟಿನ ಪೆಟ್ಟಿಗೆ ಇಟ್ಟಿದೀಯಲ್ಲ, ನಿನ್ಗೇನಾದ್ರೂ ಬುದ್ಧಿ ಐತಾ?"

"ಪೆಟ್ಟಿಗೆ ಕರೆಕ್ಟಾಗಿ ಇಟ್ಟಿವ್ನಿ ಅಮ್ಮಾ. ನೆಲಾನೇ ಓರೆ. ಗೋಡೆಯೋನ್ನ ಕೇಳಿ."

"ಆ ಗಾಳಿ ಕೊಳವೆ?"

"ಗಾಳಿಯೋನ್ನ ಕೇಳಿ."

"ನಿನ್ನ ತಟ್ಟೆ ತೆಗೆದ್ರೆ ಕೊಳವೆ ಮೇಲಕ್ಕೋಗಲ್ವಾ?"

ರಹಮತ್ ನೆಲ ನೋಡಿದ. "ತೆಗೀತಿದ್ದೆ ಅಮ್ಮಾ, ನಿಮ್ಮಾಣೆ. ಆದ್ರೆ ಮೊದ್ಲು ನಾನು ತೆಗೆದ್ರೆ ನನ್ನ ಕತೆ ಖತಂ" ಅಂದ.

ಕರೆಂಟು ಹೋದದ್ದರಿಂದ ಒಂದು ಉಪಕಾರವಾಯಿತು. ನಮ್ಮ ಬಚ್ಚಲಿನ ವಿಷಯ ದೊಡ್ಡ ಸಾಹೇಬನವರೆಗೆ ಹೋಯಿತು. ಕತ್ತಲೆ ಮಾಡಿದವಳನ್ನು ಕರೆತನ್ನಿ ಅಂತ ಹೇಳಿಕಳಿಸಿದ.

ಸಭೆ

ಸಭೆ ನಡೆದದ್ದು ಮರದ ಹಲಗೆಯ ಒಂದು ಆಫೀಸಿನಲ್ಲಿ. ಮಗಳ ಹತ್ತಿರ ಕೇರಳದವಳನ್ನು ಕೂರಿಸಿ ಹೋದೆ. ದೊಡ್ಡ ಸಾಹೇಬ ಇಂಗ್ಲಿಷಿನವನು, ಬಿಸಿಲಿಗೆ ಬೆಂದು ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದ. ಮೇಜಿನ ಸುತ್ತ ನಾಲ್ವರು: ಗ್ರೀಕಿನ ಗೋಡೆಯವನು, ಜಪಾನಿನ ಪೈಪಿನವನು, ಈಜಿಪ್ಟಿನ ಗಾಳಿಯವನು, ನಮ್ಮ ರಹಮತ್. ಅಳಿಯಂದಿರು ಗೋಡೆಯ ಹತ್ತಿರದ ಕಪ್ಪುಹಲಗೆಯ ಪಕ್ಕ ನಿಂತಿದ್ದರು. ನಾನು ಸೆರಗು ಹೊದ್ದು ಒಂದು ಕುರ್ಚಿಯಲ್ಲಿ ಕೂತೆ.

ನಾಲ್ವರೂ ಭುಜಕ್ಕೆ ಭುಜ ತಾಗುವಂತೆ ಕೂತಿದ್ದರು. ಆದರೆ ಒಬ್ಬರೊಡನೊಬ್ಬರು ಮಾತಾಡುತ್ತಿರಲಿಲ್ಲ. "ಪೈಪಿನವರಿಗೆ ತಿಳಿಸಿ" ಅಂತ ಗೋಡೆಯವನು ದೊಡ್ಡ ಸಾಹೇಬನಿಗೆ ಹೇಳುವುದು. ಅವನು ತಲೆಯಾಡಿಸಿದ ಮೇಲೆ ಪಕ್ಕದಲ್ಲೇ ಇದ್ದ ಪೈಪಿನವನಿಗೆ ಕೇಳಿಸುವುದು. ಮುನಿಸಿಕೊಂಡ ಓರಗಿತ್ತಿಯರು ಅತ್ತೆಯ ಮೂಲಕ ಉಪ್ಪು ಕೇಳಿದ ಹಾಗೆ. ರಹಮತ್ ನನ್ನ ಕಿವಿಯಲ್ಲಿ ಎಲ್ಲ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದ.

"ತೊಲೆ ತೆಗೆದ್ರೆ ಸೂರು ಬೀಳ್ತದಂತೆ. ಪೈಪು ತೆಗೆದ್ರೆ ನೀರು ಬರಲ್ವಂತೆ. ಕೊಳವೆ ತೆಗೆದ್ರೆ ಜನ ಬೆಂದೋಗ್ತಾರಂತೆ."

"ಕೊಳವೆ ಇದ್ರೆ ನನ್ನ ಮಗಳ ಸೊಂಟ ಹಿಡ್ಕೊಂಡ್ಬುಡ್ತದೆ ಅಂತ ಹೇಳಪ್ಪ."

ಹೇಳಿದ. ನಾಲ್ವರೂ ಅಯ್ಯೋ ಅಂದರು. ನಿಜವಾಗಿಯೂ ಅಂದರು. ಗಾಳಿಯವನ ಕಣ್ಣಲ್ಲಿ ನೀರು ಬಂತು, ಅವನಿಗೂ ಊರಲ್ಲಿ ಮಗಳಿದ್ದಾಳಂತೆ. ಆದರೆ ಕಣ್ಣೊರೆಸಿಕೊಂಡು, ತಪ್ಪು ನನ್ನದಲ್ಲ ಅಂದ.

ದೊಡ್ಡ ಸಾಹೇಬ ಬಹಳ ಹೊತ್ತು ಪೆನ್ಸಿಲು ಕಡಿದ. ಆಮೇಲೆ ಅಳಿಯಂದಿರನ್ನು ಕೇಳಿದ, "ನಕ್ಷೆ ಬರೆದಾಗ ಆ ಮನೆಯಲ್ಲಿ ಎಷ್ಟು ಜನ?"

"ಇಬ್ಬರು."

"ಇಬ್ಬರಿದ್ದಾಗ ದೂರು ಇತ್ತೇ?"

"ದೂರು ಅಂತ... ತೆವಳುತ್ತಿದ್ದರು."

"ಆಮೇಲೆ ಬಂದವರು ಯಾರು?"

"ಮಗು."

"ಹಾಗಾದರೆ ಬದಲಾವಣೆಗೆ ಕಾರಣ ಮಗು. ತಪ್ಪು ಮಗುವಿನದು."

ನಾಲ್ವರ ಮುಖಕ್ಕೂ ಕಳೆ ಬಂತು. ಆ ಇಡೀ ಕಾರ್ಖಾನೆಯಲ್ಲಿ ತಪ್ಪನ್ನು ಅಲ್ಲಗಳೆಯಲಾರದವನು ಅದೊಬ್ಬನೇ. ಸಂಬಳದಲ್ಲಿ ಕಡಿಯೋಣ ಅಂದರೆ ಸಂಬಳವಿಲ್ಲ. ಕೆಲಸದಿಂದ ತೆಗೆಯೋಣ ಅಂದರೆ ಕೆಲಸವಿಲ್ಲ. ಪೈಪಿನವನು ಎದ್ದು ನನಗೆ ನಡು ಬಗ್ಗಿಸಿ ನಮಸ್ಕಾರ ಮಾಡಿದ.

"ಹೆಸರು?" ಅಂದ ದೊಡ್ಡ ಸಾಹೇಬ, ಬರೆದುಕೊಳ್ಳಲು.

"ಇನ್ನೂ ಇಟ್ಟಿಲ್ಲ" ಅಂದರು ಅಳಿಯಂದಿರು.

"ಹೆಸರಿಲ್ಲದೆ ತಪ್ಪು ಹಾಕಲು ಬರುವುದಿಲ್ಲ. ಈಗ ಇಡಿ."

ನಾನು ಎದ್ದು ನಿಂತೆ. "ಅದ್ಯಾಗೆ ಇಡೋಕಾಗ್ತದೆ? ಪುರುಡು ಕಳೀಬೇಕು. ತಾಯಿ ತಲೆಗೆ ನೀರು ಹಾಕ್ಕೊಂಡು ಶುದ್ಧ ಆದ್ಮೇಲೇ ಹೆಸರು. ಹೇಳು ರಹಮತ್ ಅವನಿಗೆ."

ದೊಡ್ಡ ಸಾಹೇಬ ಅಳಿಯಂದಿರಿಗೆ ಸನ್ನೆ ಮಾಡಿದ. ಅವರು ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಹೆಸರಿಡಲು ಸ್ನಾನ ಆಗಬೇಕು. ಸ್ನಾನಕ್ಕೆ ಕೊಳವೆ ತೆಗೆಯಬೇಕು. ಕೊಳವೆ ತೆಗೆಯಲು ತಪ್ಪು ಯಾರ ಮೇಲಾದರೂ ಬೀಳಬೇಕು. ತಪ್ಪು ಬೀಳಲು ಹೆಸರು ಬೇಕು. ಬಾಣದ ಗುರುತು ಹಾಕುತ್ತ ಹೋದವರು ಹೊರಟ ಜಾಗಕ್ಕೇ ಬಂದು ನಿಂತರು. ಎಲ್ಲರೂ ಆ ಉಂಗುರವನ್ನು ದೇವರ ಪಟ ನೋಡುವ ಹಾಗೆ ನೋಡಿದರು. ಇಷ್ಟು ಚೊಕ್ಕವಾದ ಗಂಟು ಇಡೀ ಕಾರ್ಖಾನೆಯಲ್ಲಿ ಇನ್ನೊಂದಿಲ್ಲ ಅಂದನಂತೆ ದೊಡ್ಡ ಸಾಹೇಬ. ಅಳಿಯಂದಿರ ಬೆನ್ನು ತಟ್ಟಿ ಸಭೆ ಮುಗಿಸಿದ. ಎಲ್ಲರಿಗೂ ಟೀ ಬಂತು.

ತಿಪ್ಪ

ಮನೆಗೆ ಬಂದೆ. ಸುಶೀಲ ಗೋಡೆಯ ಕಡೆ ತಿರುಗಿ ಮಲಗಿದ್ದಳು. "ಏನಾಯ್ತಮ್ಮ?" ಅಂದಳು.

"ನಿನ್ನ ಮಗ ತಪ್ಪು ಮಾಡವ್ನಂತೆ ಕಣೇ."

"ಅವ್ನು ಕಣ್ಣೇ ಬಿಟ್ಟಿಲ್ವಲ್ಲೇ!"

ಹುಟ್ಟಿದ ಕೂಸಿನ ಮೇಲೆ ಕಾರ್ಖಾನೆಯ ತಪ್ಪು ಹೊರಿಸುವುದೇ? ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಅವಳ ಸೊಂಟ ಉಜ್ಜುತ್ತ ಕೂತಾಗ ನನ್ನ ತಮ್ಮನ ನೆನಪಾಯಿತು. ನಮ್ಮವ್ವನಿಗೆ ನನ್ನ ನಂತರ ಎರಡು ಕೂಸು ಸತ್ತವು. ಮೂರನೆಯದು ಹುಟ್ಟಿದ್ದೇ ಮೊರದಲ್ಲಿ ಮಲಗಿಸಿ, ತಿಪ್ಪೆಯ ಮೇಲಿಟ್ಟು, ಬೇಡದ್ದನ್ನು ಎತ್ತಿಕೊಂಡು ಬಂದ ಹಾಗೆ ಒಳಗೆ ತಂದು ತಿಪ್ಪ ಅಂತ ಕರೆದರು. ಕೆಟ್ಟದ್ದು ಹುಡುಕಿಕೊಂಡು ಬಂದರೆ ಆ ಹೆಸರಿಗೆ ತಾಗಲಿ, ಕೂಸಿಗೆ ಬೇಡ ಅಂತ. ಅದಕ್ಕೆ ಪುರುಡೂ ಬೇಕಿಲ್ಲ, ಪುರೋಹಿತರೂ ಬೇಕಿಲ್ಲ. ಒಳ್ಳೆಯ ಹೆಸರು ಆಮೇಲೆ ಬೇರೆ ಇಡುತ್ತಾರೆ. ನನ್ನ ತಮ್ಮ ಇವತ್ತಿಗೂ ಗುಂಡುಕಲ್ಲಿನ ಹಾಗಿದ್ದಾನೆ.

"ಅಳಿಯಂದಿರೇ, ಬರ್ಕೊಳ್ಳೋಕೆ ಹೇಳಿ. ಹೆಸರು ತಿಪ್ಪ" ಅಂದೆ.

"ಅತ್ತೆ, ಅದು ನಿಜವಾದ ಹೆಸರಾ?"

"ತಪ್ಪು ಹೊರೋಕೆ ಅದಕ್ಕಿಂತ ನಿಜವಾದ ಹೆಸರಿಲ್ಲ."

ತಿಪ್ಪೆ ಬೇಕಲ್ಲ? ಆ ಮರಳುಗಾಡಿನಲ್ಲಿ ದನವೇ ಇಲ್ಲ. ರಹಮತ್ ಹಿತ್ತಲ ಬಾಗಿಲಿನಲ್ಲೇ ಒಂದು ಗುಡ್ಡೆ ತೋರಿಸಿದ: ಸಿಮೆಂಟಿನ ಖಾಲಿ ಚೀಲ, ತಗಡಿನ ಚೂರು, ಮುರಿದ ಪೈಪು, ತುಂಡು ವೈರು. ನಾಲ್ಕೂ ಕಡೆಯವರದ್ದೂ ಇತ್ತು. ಗುಡ್ಡೆ ಅಲ್ಲೇ ಯಾಕಿದೆ ಅಂದರೆ, ಎತ್ತಿಹಾಕುವುದು ಯಾರ ಕೆಲಸ ಅಂತ ತೀರ್ಮಾನವಾಗಿರಲಿಲ್ಲ. ಮೊರದ ಬದಲು ಒಂದು ರಟ್ಟಿನ ಮುಚ್ಚಳ. ಸೀರೆ ಹಾಸಿ, ಕೂಸನ್ನು ಮಲಗಿಸಿ, ಗುಡ್ಡೆಯ ಮೇಲೆ ಹಿಡಿದೆ. "ಇದ್ಯಾರದ್ದಪ್ಪ ಬೇಡದ್ದು ಬಿದ್ದೈತೆ?" ಅಂತ ಕೇಳಿ, ನಾನೇ ಎತ್ತಿಕೊಂಡು ಒಳಗೆ ಬಂದೆ. ಅವನು ಆಕಳಿಸಿದ. ತಪ್ಪನ್ನು ಒಪ್ಪಿಕೊಂಡ ಹಾಗಾಯಿತು.

ಸ್ನಾನ

ಮಾರನೆಯ ಬೆಳಿಗ್ಗೆ ನಾಲ್ವರೂ ಸಿಳ್ಳೆ ಹಾಕಿಕೊಂಡು ಬಂದರು. ತಪ್ಪು ತಿಪ್ಪನ ಹೆಸರಿಗೆ ಬಿದ್ದದ್ದೇ ಅವರ ಕೈಗಳಿಗೆ ಜೀವ ಬಂದುಬಿಟ್ಟಿತ್ತು. ರಹಮತ್ ತಟ್ಟೆ ಬಿಚ್ಚಿದ. ಪೈಪಿನವನು ಪೈಪನ್ನು ಮೂಲೆಗೆ ತಳ್ಳಿದ. ಗಾಳಿಯವನು ಕೊಳವೆ ಕತ್ತರಿಸಿ ಭುಜದ ಮೇಲೆ ಹೊತ್ತು ಹೊರಟೇಹೋದ. ಗೋಡೆಯವನಿಗೆ ಮಾಡಲು ಏನೂ ಇರಲಿಲ್ಲ. ಆದರೂ ತೂತುಗಳನ್ನು ಮುಚ್ಚಿ, ನಮ್ಮ ಅಡುಗೆಮನೆಯ ನೆಲವನ್ನೂ ಸರಿಮಾಡಿ, ಅದನ್ನೂ ತಿಪ್ಪನ ಲೆಕ್ಕಕ್ಕೆ ಹಾಕಿ ಹೋದ.

ಮಣೆ ಹಾಕಿ ಸುಶೀಲಳನ್ನು ಕೂರಿಸಿದೆ. ಅಲ್ಲಿನ ಬಿಸಿಲಿಗೆ ತಣ್ಣೀರಿನ ನಲ್ಲಿಯಲ್ಲೇ ಬಿಸಿನೀರು ಬರುತ್ತದೆ. ಆದರೂ ಒಲೆಯ ಮೇಲೆ ಇನ್ನಷ್ಟು ಕಾಯಿಸಿದೆ. ಹರಳೆಣ್ಣೆ ತಿಕ್ಕಿ, ಚೊಂಬು ನನ್ನ ತಲೆಗಿಂತ ಮೇಲೆತ್ತಿ ಸೊಂಟದ ಮೇಲೆ ಹುಯ್ದೆ.

"ಅಮ್ಮಾ, ಸುಡ್ತದೆ!"

"ಸುಡ್ಲಿ ಬುಡು."

"ಅಮ್ಮಾ!"

"ಬಾಯ್ಮುಚ್ಕೊಂಡು ಕೂತ್ಕೋ. ಇದಕ್ಕೇ ತಾನೇ ಅತ್ತಿದ್ದು?"

ನಾಲ್ಕನೇ ಚೊಂಬಿಗೆ ಸುಮ್ಮನಾದಳು. ಆಮೇಲೆ ಭುಜ ಇಳಿಬಿಟ್ಟು, ಕಣ್ಣುಮುಚ್ಚಿ, ಇನ್ನೂ ಹಾಕು ಅನ್ನುವ ಹಾಗೆ ಕೈಯಾಡಿಸಿದಳು. ಹಾಕಿದೆ. ಹೊಗೆಯನ್ನೂ ಹಾಕಿದೆ. ಹೊದ್ದು ಮಲಗಿದವಳು ಸಂಜೆಯವರೆಗೆ ಏಳಲಿಲ್ಲ.

ಕೊಳವೆ ಹೋದದ್ದರಿಂದ ಮನೆ ಮಾತ್ರ ಇಟ್ಟಿಗೆಗೂಡಾಯಿತು. ಬಾಣಂತಿಗೆ ತಂಪು ಹೇಗೂ ಆಗದು, ನನಗೂ ಪರವಾಗಿರಲಿಲ್ಲ. ಅಳಿಯಂದಿರು ಆಫೀಸಿನಲ್ಲಿ ಮೇಜಿನ ಮೇಲೆ ಮಲಗಲು ಶುರುಮಾಡಿದರು. ಪುರುಡು ಕಳೆದ ದಿನ ಕೂಸಿಗೆ ಮಂಜುನಾಥ ಅಂತ ಹೆಸರಿಟ್ಟೆವು. ನಾಲ್ವರೂ ಬಂದು ಪಾಯಸ ಕುಡಿದರು.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಎಲ್ಲರಿಗೂ ತಿಪ್ಪನ ರುಚಿ ಹತ್ತಿಬಿಟ್ಟಿತ್ತು. ಸಮುದ್ರದ ನೀರು ಎಳೆಯುವ ಪೈಪು ಒಂದು ಕಂಬಕ್ಕೆ ಹೋಗಿ ಗುದ್ದಿ ಎಷ್ಟೋ ಕಾಲದಿಂದ ನಿಂತಿತ್ತು. ತಿಪ್ಪನ ತಪ್ಪು ಅಂತ ಬರೆದರು, ಪೈಪು ಬಗ್ಗಿತು. ಚಿಮಣಿಯ ಬುಡದಲ್ಲಿ ರಹಮತ್ತನ ವೈರಿಗೆ ಜಾಗವಿರಲಿಲ್ಲ. ತಿಪ್ಪ. ಮುಖ್ಯ ಗೇಟು ತೆರೆದರೆ ದೀಪದ ಕಂಬಕ್ಕೆ ಬಡಿಯುತ್ತಿತ್ತು. ತಿಪ್ಪ. ಕಾರ್ಖಾನೆ ಸರಸರನೆ ಏಳತೊಡಗಿತು. ನಾಲ್ವರೂ ಈಗ ನೇರವಾಗಿ ಮಾತಾಡುತ್ತಿದ್ದರು, ಜೊತೆಯಲ್ಲಿ ಟೀ ಕುಡಿಯುತ್ತಿದ್ದರು. ಅಳಿಯಂದಿರು ಸಂಜೆ ಬಂದು ಕೂಸಿನ ಮುಖ ನೋಡಿ, "ಇವತ್ತು ಇವ್ನು ನೀರಿನ ಟ್ಯಾಂಕನ್ನ ಸೊಟ್ಟ ಕಟ್ಟಿದಾನೆ ಅತ್ತೆ" ಅನ್ನುವರು. ಅವನು ಕಾಲು ಝಾಡಿಸುವನು.

ಹೊರಡುವ ಹಿಂದಿನ ದಿನ

ನನ್ನ ವೀಸಾ ಮುಗಿಯುತ್ತ ಬಂತು. ಸುಶೀಲಳಿಗೆ ಇನ್ನೂ ನೀರು ಹಾಕುವುದು ಬೇಕಾದಷ್ಟಿತ್ತು. ಕೇರಳದವಳಿಗೆ ಚೊಂಬು ಹಿಡಿಯುವುದನ್ನು ಕಲಿಸಿ, ಅವಳ ಕೈಗೆ ಒಪ್ಪಿಸಿದ್ದೆ. ಗಂಟು ಕಟ್ಟುತ್ತಿದ್ದೆ. ಹೊರಗೆ ಹೆಜ್ಜೆಯ ಸದ್ದು ಕೇಳಿ ಬಾಗಿಲು ತೆಗೆದರೆ ನಾಲ್ವರೂ ನಿಂತಿದ್ದಾರೆ. ಹೆಣ ಹೊತ್ತವರ ಹಾಗೆ ಆ ತಗಡಿನ ಕೊಳವೆಯನ್ನು ಹೆಗಲ ಮೇಲೆ ಹೊತ್ತಿದ್ದಾರೆ. ಹಿಂದೆ ದೊಡ್ಡ ಸಾಹೇಬ, ಟೊಪ್ಪಿ ಕೈಯಲ್ಲಿ. ಅವನ ಪಕ್ಕ ಅಳಿಯಂದಿರು, ಮುಖ ಸಣ್ಣಗೆ ಮಾಡಿಕೊಂಡು.

"ಏನಾಯ್ತೋ ರಹಮತ್?"

"ಕೆಟ್ಟೋಯ್ತು ಅಮ್ಮಾ. ಮೇಲಿನೋರು ಹೊರಗಿಂದ ತನಿಖೆಗೆ ಬಂದಿದ್ರು. ಈ ತಿಪ್ಪ ಅನ್ನೋನು ಇಷ್ಟು ತಪ್ಪು ಮಾಡವ್ನೆ, ಇಂಥೋನ್ನ ಇಟ್ಕೊಂಡಿದೀರಲ್ಲ ಅಂತ ಅವನ್ನ ಡಿಸ್ಮಿಸ್ ಮಾಡ್ಬುಟ್ರು."

"ಮಾಡ್ಲಿ. ಅದಕ್ಕೇನು?"

"ಡಿಸ್ಮಿಸ್ ಆದೋನು ಒಪ್ಕಂಡಿದ್ದು ಯಾವುದೂ ಚಾಲ್ತಿ ಇಲ್ವಂತೆ. ಎಲ್ಲಾ ಮೊದ್ಲಿನಂಗೇ ವಾಪಸ್ ಮಾಡ್ಬೇಕಂತೆ. ಮೊದ್ಲು ನಿಮ್ಮ ಬಚ್ಚಲು."

ಸುಶೀಲ ಕೂಸನ್ನೆತ್ತಿಕೊಂಡು ಬಾಗಿಲಿಗೆ ಬಂದಳು. ಕೊಳವೆ ನೋಡಿದಳು, ಗಂಡನನ್ನು ನೋಡಿದಳು, ಸೊಂಟದ ಮೇಲೆ ಕೈಯಿಟ್ಟಳು. ಅಳಿಯಂದಿರು ದೊಡ್ಡ ಸಾಹೇಬನನ್ನು ನೋಡಿದರು. ದೊಡ್ಡ ಸಾಹೇಬ ಟೊಪ್ಪಿಯ ಒಳಗಡೆ ನೋಡಿದ. ನಾಲ್ವರಲ್ಲಿ ಒಬ್ಬರಿಗೂ ಕೊಳವೆ ಒಳಗೆ ತರುವ ಮನಸ್ಸಿರಲಿಲ್ಲ. ಇಳಿಸುವ ಧೈರ್ಯವೂ ಇರಲಿಲ್ಲ.

"ಅಮ್ಮಾ" ಅಂದ ರಹಮತ್ ಮೆಲ್ಲಗೆ, "ನಿಮ್ಮ ಕಡೆ ಇನ್ನೊಂದು ಹೆಸರು ಐತಾ? ಇಲ್ಲೇ ಇರೋರ್ದು ಬೇಡ. ಡಿಸ್ಮಿಸ್ ಮಾಡೋಕೆ ಬರದೇ ಇರೋ ಅಂಥದ್ದು."

"ಐತೆ. ಬರ್ಕೋ. ಲಕ್ಕಮ್ಮ."

"ನಿಮ್ದಾ?"

"ಹೂಂ ಕಣೋ. ನಾಳೆ ಬೆಳಿಗ್ಗೆ ವಿಮಾನ ಹತ್ತೋಳು. ನನ್ನನ್ನ ಯಾವ ಕೆಲಸದಿಂದ ಅದ್ಯಾವನು ತೆಗೀತಾನೋ ತೆಗೀಲಿ. ಬಚ್ಚಲು, ಚಿಮಣಿ, ಗೇಟು, ಟ್ಯಾಂಕು, ಇನ್ನೇನೇನು ಸೊಟ್ಟ ಐತೋ ಎಲ್ಲಾ ನನ್ನ ಹೆಸರಿಗೇ ಹಾಕು. ಮೊದ್ಲು ಆ ತಗಡು ಕೆಳಗಿಳಿಸ್ರಪ್ಪ, ಹೆಗಲು ನೋಯ್ತದೆ."

ರಹಮತ್ ದೊಡ್ಡ ಸಾಹೇಬನಿಗೆ ಹೇಳಿದ. ಅವನು ಪೆನ್ಸಿಲು ತೆಗೆದ, ಏನೋ ಕೇಳಿದ.

"ಹುದ್ದೆ ಏನಂತ ಬರೀಲಿ ಅಂತವ್ರೆ ಅಮ್ಮಾ."

"ಅತ್ತೆ ಅಂತ ಬರಿ."

ದೊಡ್ಡ ಸಾಹೇಬನಿಗೆ ಅರ್ಥವಾಯಿತು. ಅವನಿಗೂ ಒಬ್ಬಳಿದ್ದಾಳಂತೆ. ಬರೆದುಕೊಂಡು ಹೆಬ್ಬೆಟ್ಟು ಕೇಳಿದ. ಸಹಿ ಹಾಕಲು ಬರುತ್ತದೆ ಅಂತ ಹೇಳಿ ಸಹಿಯನ್ನೇ ಹಾಕಿದೆ. ಕೊಳವೆಯನ್ನು ತಿರುಗಿ ಹೊತ್ತುಕೊಂಡು ಹೋದರು, ಈ ಸಲ ಸಿಳ್ಳೆ ಹಾಕುತ್ತ.

ಊರಿಗೆ ಬಂದ ಮೇಲೆ ಮಗಳು ಕಾಗದ ಬರೆದಳು. ಬಚ್ಚಲು ಖಾಲಿಯೇ ಇದೆಯಂತೆ, ಸೊಂಟ ಗಟ್ಟಿಯಾಗಿದೆಯಂತೆ. ಪಕ್ಕದ ಮನೆಗಳ ಕೊಳವೆಗಳನ್ನೂ ನನ್ನ ಹೆಸರಿನಲ್ಲಿ ತೆಗೆಯಲು ಹೋದರೆ ಕೇರಳದವಳು ಬೇಡ ಅಂದಳಂತೆ, ಕೊತ್ತಂಬರಿ ಹಾಳಾಗುತ್ತದೆ ಅಂತ. ಕಾರ್ಖಾನೆ ಮುಗಿದು ನೀರು ಬರುತ್ತಿದೆಯಂತೆ, ಸ್ವಲ್ಪ ಉಪ್ಪುಪ್ಪು. ಚಿಮಣಿ ಒಂಚೂರು ವಾಲಿದೆಯಂತೆ. ಯಾರು ಕೇಳಿದರೂ ಗುಬ್ಬಿಯ ವಿಳಾಸ ಕೊಡುತ್ತಾರಂತೆ.

ಕೊಡಲಿ. ಯಾರಾದರೂ ಬಂದು ಬಾಗಿಲು ತಟ್ಟಿದರೆ, ಹೌದು, ಎಲ್ಲಾ ನಾನೇ ಮಾಡಿದ್ದು ಅನ್ನುತ್ತೇನೆ. ಏನೇನು ಮಾಡಿದೆ ಅನ್ನುವುದನ್ನು ಮಾತ್ರ ಅವರೇ ಕೂತು ಹೇಳಬೇಕು.